ವೈರಸ್ ಹೋಯ್ತು, ಆಂಟಿವೈರಸ್ ಯಾಕೆ ಅಪ್‌ಡೇಟ್ ಆಗ್ತಿಲ್ಲ?

ಅಣ್ಣಾ, ನೀವು ಬರೆದದ್ದು ಪೂರ್ತಿ ಓದಿದೆ. ಪಹಣಿ ಪ್ರಿಂಟ್ ಮಾಡಿಸಲು ಪೆನ್‌ಡ್ರೈವ್ ಒಯ್ದಿರಿ, ಅದರಲ್ಲಿ ವೈರಸ್ ಬಂತು, ಸ್ಕ್ಯಾನ್ ಮಾಡಿ ತೆಗೆದಿರಿ. ಈಗ ಯೂಟ್ಯೂಬ್ ಸಲೀಸಾಗಿ ಬರುತ್ತದೆ, ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್ ಮಾತ್ರ ಅಪ್‌ಡೇಟ್ ಆಗುತ್ತಿಲ್ಲ. ಮೇಲೆ ಒಬ್ಬರು ಸೀದಾ ಫಾರ್ಮ್ಯಾಟ್ ಹೊಡೆಸಿ ಅಂದಿದ್ದಾರೆ. ತೋಟದ ಲೆಕ್ಕವೆಲ್ಲ ಅದರಲ್ಲೇ ಇದೆ ಅಂತೀರಿ, ಅಷ್ಟು ಅವಸರ ಬೇಡ. ಲೈಸೆನ್ಸ್ ಮುಗಿದಿಲ್ಲ ತಾನೇ? ಅದೊಂದು ಮೊದಲು ನೋಡಿಬಿಡಿ.

ಸ್ಕ್ಯಾನ್ ಮಾಡಿದರೆ ವೈರಸ್ ಫೈಲ್ ಹೋಗುತ್ತದೆ. ಅದು ತಿರುಚಿಟ್ಟ ಸೆಟ್ಟಿಂಗ್ ಎಷ್ಟೋ ಸಲ ಹಾಗೇ ಉಳಿಯುತ್ತದೆ. ಆಂಟಿವೈರಸ್ ಕಂಪನಿಯ ಸೈಟಿಗೆ ದಾರಿ ಕಟ್ಟಿಹಾಕುವುದು ಇವುಗಳ ಹಳೇ ಚಾಳಿ.

ಪರೀಕ್ಷೆ ಸುಲಭ. ಆ ಕಂಪನಿಯ ಸೈಟನ್ನು ಕಂಪ್ಯೂಟರಿನಲ್ಲಿ ತೆರೆಯಿರಿ, ಆಮೇಲೆ ಅದೇ ವೈಫೈನಲ್ಲಿ ಫೋನಿನಲ್ಲೂ ತೆರೆಯಿರಿ. ಫೋನಿನಲ್ಲಿ ಬಂದು ಕಂಪ್ಯೂಟರಿನಲ್ಲಿ ಬರದಿದ್ದರೆ ನನ್ನ ಅನುಮಾನ ಹೋಸ್ಟ್ಸ್ ಫೈಲಿನ ಮೇಲೆ. ಯಾವ ಸೈಟಿನ ಹೆಸರಿಗೆ ಯಾವ ವಿಳಾಸ ಅಂತ ವಿಂಡೋಸ್ ನೋಡುವ ಚಿಕ್ಕ ಪಟ್ಟಿ ಅದು. ಅಲ್ಲಿ ಸುಳ್ಳು ವಿಳಾಸ ಬರೆದಿಟ್ಟರೆ ಸೈಟ್ ತೆರೆಯುವುದಿಲ್ಲ.

ನೋಟ್‌ಪ್ಯಾಡ್ ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಇಲ್ಲದಿದ್ದರೆ ಸೇವ್ ಆಗುವುದಿಲ್ಲ. ಫೈಲ್ ಓಪನ್‌ನಲ್ಲಿ ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಅದರೊಳಗೆ ಇಟಿಸಿ ಫೋಲ್ಡರ್. ಖಾಲಿ ಕಾಣುತ್ತದೆ, ಗಾಬರಿ ಬೇಡ. ಕೆಳಗೆ 'ಆಲ್ ಫೈಲ್ಸ್' ಆರಿಸಿದರೆ ಹೋಸ್ಟ್ಸ್ ಕಾಣುತ್ತದೆ. ಮೊದಲು ಒಂದು ಕಾಪಿ ಬೇರೆ ಕಡೆ ಇಟ್ಟುಕೊಳ್ಳಿ. # ಚಿಹ್ನೆಯಿಂದ ಶುರುವಾಗುವ ಸಾಲುಗಳು ಸುಮ್ನೆ ಟಿಪ್ಪಣಿ. 127.0.0.1 ಅಥವಾ 0.0.0.0 ಅಂತ ಬರೆದು ಪಕ್ಕದಲ್ಲಿ ಆಂಟಿವೈರಸ್ ಕಂಪನಿಗಳ ಹೆಸರಿದ್ದರೆ ಅದೇ ಬೀಗ. ಆ ಸಾಲು ಅಳಿಸಿ ಸೇವ್ ಮಾಡಿ. ಸೇವ್ ಆಗದಿದ್ದರೆ ಪ್ರಾಪರ್ಟೀಸ್‌ನಲ್ಲಿ 'ರೀಡ್ ಓನ್ಲಿ' ಟಿಕ್ ತೆಗೆಯಿರಿ.

ಒಂದು ಮಾತು, ಸ್ಕ್ರೋಲ್ ಮಾಡಿ ಕೊನೇ ತನಕ ನೋಡಿ. ನಮ್ಮ ಭಾವನ ಕಂಪ್ಯೂಟರಿನಲ್ಲಿ ಫೈಲ್ ಸ್ವಚ್ಛ ಇದೆ ಅಂತ ನಾನೇ ಎರಡು ಸಲ ಮುಚ್ಚಿದ್ದೆ. ಆಮೇಲೆ ನೋಡಿದರೆ ಬದಿಯ ಸ್ಕ್ರೋಲ್ ಪಟ್ಟಿ ಅಕ್ಕಿಕಾಳಿನಷ್ಟಾಗಿತ್ತು. ನೂರಾರು ಖಾಲಿ ಸಾಲು ಹಾಕಿ ಅಡಿಯಲ್ಲಿ ಬಚ್ಚಿಟ್ಟಿತ್ತು ಕಳ್ಳ ವೈರಸ್ಸು.

ಹೋಸ್ಟ್ಸ್ ಸರಿ ಇದ್ದರೆ ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿಗೆ ಹೋಗಿ. ಪ್ರಾಕ್ಸಿ ಅಂದರೆ ನಿಮ್ಮ ಇಂಟರ್ನೆಟ್ ಹಾದುಹೋಗುವ ನಡುವಿನ ಕಂಪ್ಯೂಟರ್. ನೀವು ಹಾಕದ ಪ್ರಾಕ್ಸಿ ಆನ್ ಇದ್ದರೆ ಆಫ್ ಮಾಡಿ.

ಫೋನಿನಲ್ಲೂ ಸೈಟ್ ಬರದಿದ್ದರೆ ರೂಟರಿನ ಡಿಎನ್‌ಎಸ್ ನೋಡಬೇಕು. ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸರ್ವರ್ ಯಾವುದು ಅನ್ನುವ ಸೆಟ್ಟಿಂಗ್ ಅದು. ಇದನ್ನು ಹಗುರವಾಗಿ ತಗೋಬೇಡಿ. ಡಿಎನ್‌ಎಸ್‌ಚೇಂಜರ್ ಅಂತ ಒಂದು ವೈರಸ್ ಇತ್ತು, ಡಿಎನ್‌ಎಸ್ ಸೆಟ್ಟಿಂಗನ್ನು ಕಳ್ಳರ ಗ್ಯಾಂಗಿನ ಸರ್ವರಿಗೆ ತಿರುಗಿಸುತ್ತಿತ್ತು. 2011ರಲ್ಲಿ ಅಮೆರಿಕದ ಎಫ್‌ಬಿಐ ಆ ಗ್ಯಾಂಗಿನ ಸರ್ವರ್ ಹಿಡಿದ ಮೇಲೂ ಜನರ ಕಂಪ್ಯೂಟರಿನಲ್ಲಿ ಕೆಟ್ಟ ಸೆಟ್ಟಿಂಗ್ ಉಳಿದಿತ್ತು. ಅವರ ಇಂಟರ್ನೆಟ್ ನಿಲ್ಲಬಾರದು ಅಂತ 2012ರ ಜುಲೈ 9ರವರೆಗೆ ಬದಲಿ ಸರ್ವರ್ ನಡೆಸಬೇಕಾಯಿತು. ರೂಟರ್ ರೀಸೆಟ್ ಮಾಡುವ ಮುಂಚೆ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ, ಯೂಸರ್‌ನೇಮ್ ಪಾಸ್‌ವರ್ಡ್ ಕೇಳಿಟ್ಟುಕೊಳ್ಳಿ. ಆಮೇಲೆ ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕೂಡ ಬದಲಿಸಿ.

ಇಷ್ಟಾಗಿಯೂ ಆಗದಿದ್ದರೆ ಆಂಟಿವೈರಸ್ಸೇ ಜಖಂ ಆಗಿರಬಹುದು. ಲೈಸೆನ್ಸ್ ಕೀ ಬರೆದಿಟ್ಟುಕೊಂಡು, ಆ ಕಂಪನಿಯದೇ ರಿಮೂವಲ್ ಟೂಲ್‌ನಿಂದ ತೆಗೆದು ಹೊಸದಾಗಿ ಹಾಕಿ. ಫೈಲನ್ನು ಬೇರೆ ಕಂಪ್ಯೂಟರಿನಿಂದ ತರುವುದಾದರೆ ಆ ಹಳೇ ಪೆನ್‌ಡ್ರೈವ್ ಮಾತ್ರ ಬೇಡ ಮಾರಾಯ್ರೆ!

ಅಳಿಸಿದ ಸಾಲು ರೀಸ್ಟಾರ್ಟ್ ಆದ ಮೇಲೆ ಮತ್ತೆ ಬಂದರೆ ವೈರಸ್ ಹೋಗಿಲ್ಲ ಅಂತಲೇ ಅರ್ಥ. ಆಗ ವಿಂಡೋಸ್ ಸೆಕ್ಯೂರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' ಕೊಡಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆ ಹುಡುಕುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ. ಕರೆಂಟ್ ಇರುವ ಹೊತ್ತು ನೋಡಿ ಮಾಡಿ. ಅದಕ್ಕೂ ಬಗ್ಗದಿದ್ದರೆ ಲೆಕ್ಕದ ಫೈಲ್ ಕಾಪಿ ಮಾಡಿಕೊಂಡು ಫಾರ್ಮ್ಯಾಟ್, ಬೇರೆ ದಾರಿ ಇಲ್ಲ.

ಅಲ್ಲಿಯವರೆಗೆ ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಪಾಸ್‌ವರ್ಡ್‌ಗಳನ್ನು ಫೋನಿನಿಂದ ಬದಲಿಸಿ. ಹೋಸ್ಟ್ಸ್ ಫೈಲಿನ ಫೋಟೊ ಇಲ್ಲಿ ಹಾಕಿ, ಸಂಜೆ ಹಾಲು ಕರೆದಾದ ಮೇಲೆ ನೋಡಿ ಯಾವ ಸಾಲು ತೆಗೀಬೇಕು ಹೇಳ್ತೇನೆ.