ಬೇಲಿ ಹಾಕಿದರೆ ಸಾಲದೇ? ಸಾಲದು

ಸ್ಕಾಟ್ಲೆಂಡ್‌ನ ಹಳೇ ಪೈನ್ ಕಾಡುಗಳ ಬಗ್ಗೆ ಬರೆದಾಗಲೆಲ್ಲ ಅವೇ ನಾಲ್ಕೈದು ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದು ಸಾಕಾಗಿದೆ. ಇಲ್ಲೇ ಒಟ್ಟಿಗೆ ಹೇಳಿಬಿಡುತ್ತೇನೆ.

ಪ್ರಶ್ನೆ: ನಾವು ಅಬರ್ಡೀನ್‌ನಲ್ಲಿದ್ದೇವೆ. ರಜೆಗೆ ಕೇರ್ನ್‌ಗಾರ್ಮ್ಸ್ ಬೆಟ್ಟಗಳಿಗೆ ಹೋಗುತ್ತೇವೆ. ಕಾಡು ಬೆಳೆಸೋಕೆ ಅಲ್ಲಿ ಜಿಂಕೆಗಳಿಗೆ ಗುಂಡು ಹೊಡೆಯುತ್ತಾರಂತೆ. ಪಾಪ ಅಲ್ವಾ? ಬೇಲಿ ಹಾಕಿದರೆ ಸಾಲದೇ?

ಈ ಪ್ರಶ್ನೆ ಕೇಳುವವರು ಜಿಂಕೆ ನೋಡಿರುತ್ತಾರೆ, ಸಸಿ ನೋಡಿರುವುದಿಲ್ಲ. ಮುಂದಿನ ಸಲ ಹೋದಾಗ ಒಂದು ಮುದಿ ಪೈನ್ ಮರದಿಂದ ಸ್ವಲ್ಪ ಆಚೆ ಹೋಗಿ, ಹೆದರ್ ಪೊದೆ (ಆ ಬೆಟ್ಟಗಳ ತುಂಬ ಬೆಳೆಯುವ ಕುಳ್ಳ ಕುರುಚಲು) ಸರಿಸಿ ನೋಡಿ. ಗೇಣುದ್ದದ ಸಸಿ ಸಿಕ್ಕೀತು. ಎತ್ತರ ಹೆದರ್ ಮಟ್ಟಕ್ಕೇ ನಿಂತಿರುತ್ತದೆ, ಕಾಂಡ ಮಾತ್ರ ದಪ್ಪ. ಹೊಸದಾಗಿ ಹುಟ್ಟಿದ್ದು ಅಂದುಕೊಳ್ಳಬೇಡಿ, ಹತ್ತು ಹದಿನೈದು ವರ್ಷ ಆಗಿರಬಹುದು. ಪೊದೆಯಿಂದ ಮೇಲೆ ಬಂದ ಸುಳಿಯನ್ನು ಚಳಿಗಾಲ ಬಂದಾಗಲೆಲ್ಲ ಏನೋ ತಿಂದಿರುತ್ತದೆ. ತುದಿ ಗಮನಿಸಿ. ಚೂರಿಯಲ್ಲಿ ಓರೆಯಾಗಿ ಕೊಯ್ದ ಹಾಗಿದ್ದರೆ ಮೊಲ. ಹರಿದು ಸಿಬಿರೆದ್ದಿದ್ದರೆ ಜಿಂಕೆ, ಅದಕ್ಕೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಕಚ್ಚಿ ಎಳೆದೇ ಕೀಳಬೇಕು.

ಹೀಗೆ ಎಷ್ಟು ಕಾಲದಿಂದ ನಡೆದಿದೆ? 18ನೇ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ ತೋಳ ಇರಲಿಲ್ಲ. ಜಿಂಕೆ ತಿನ್ನುವ ದೊಡ್ಡ ಕಾಡುಬೆಕ್ಕು ಲಿಂಕ್ಸ್ ಅದಕ್ಕೂ ಮೊದಲೇ ಹೋಗಿತ್ತು. 19ನೇ ಶತಮಾನದಲ್ಲಿ ಶ್ರೀಮಂತರು ಬೆಟ್ಟಗಳನ್ನು ಬೇಟೆಗೆಂದೇ ಇಟ್ಟುಕೊಂಡರು. ಹೊಡೆಯಲು ಗಂಡು ಜಿಂಕೆ ಜಾಸ್ತಿ ಸಿಕ್ಕಷ್ಟೂ ಎಸ್ಟೇಟಿಗೆ ಬೆಲೆ. ಮೂಲ ಪೈನ್ ಕಾಡು ಅಂತ ಇವತ್ತು ಪಟ್ಟಿಯಲ್ಲಿರುವುದು 84 ತುಂಡು ಮಾತ್ರ. ಅವುಗಳಲ್ಲಿ ಎಷ್ಟೋ ಕಡೆ ಇನ್ನೂರು ವರ್ಷ ದಾಟಿದ ಮರಗಳಿವೆ, ಅವುಗಳ ನಂತರದ ತಲೆಮಾರೇ ಇಲ್ಲ.

ಇನ್ನು ಬೇಲಿ. ಬೇಲಿ ಹಾಕಿದರೆ ಜಿಂಕೆ ಮಾಯವಾಗುವುದಿಲ್ಲ, ಪಕ್ಕದ ಗುಡ್ಡಕ್ಕೆ ಹೋಗಿ ಅಲ್ಲಿನ ಸಸಿ ಮುಗಿಸುತ್ತದೆ. ಹಿಮ ಬೇಲಿಯೆತ್ತರ ಕೂತಾಗ ಅದರ ಮೇಲೇ ನಡೆದು ಒಳಗೆ ಬರುತ್ತದೆ. ಮೇಯುವವರೇ ಇಲ್ಲದ ಒಳಭಾಗದಲ್ಲಿ ಹೆದರ್ ದಟ್ಟವಾಗುತ್ತದೆ. ಪೈನ್ ಮೊಳಕೆಗೆ ಬೆಳಕು ಬೇಕು, ಬರಿ ಮಣ್ಣು ಬೇಕು, ಅದೇ ಅಲ್ಲಿ ಸಿಗುವುದಿಲ್ಲ. ಎಲ್ಲಕ್ಕಿಂತ ನೋವಿನ ವಿಷಯ ಕ್ಯಾಪರ್‌ಕೇಲಿ. ಈ ಕಾಡನ್ನೇ ನಂಬಿರುವ ದೊಡ್ಡ ಹಕ್ಕಿ ಅದು. 2021-22ರ ಗಣತಿಯ ಅಂದಾಜು ಇಡೀ ದೇಶಕ್ಕೆ 542. ವೇಗವಾಗಿ, ತಗ್ಗಿನಲ್ಲಿ ಹಾರುತ್ತದೆ, ತಂತಿಗೆ ಬಡಿದು ಸಾಯುತ್ತದೆ. ಕೇರ್ನ್‌ಗಾರ್ಮ್ಸ್‌ನ ಅಬರ್ನೆಥಿ ಕಾಡಿನಲ್ಲಿ ಇದ್ದ ಬೇಲಿಗಳನ್ನು ಕಿತ್ತು, ಜಿಂಕೆ ಕಡಿಮೆ ಮಾಡುವ ದಾರಿ ಹಿಡಿದದ್ದು ಇದಕ್ಕೇ.

ಆ ದಾರಿ ಫಲ ಕೊಟ್ಟಿದೆ. ಅಲ್ಲಿನದೇ ಗ್ಲೆನ್ ಫೆಶಿ ಕಣಿವೆಯಲ್ಲಿ 2004ರಲ್ಲಿ ದೊಡ್ಡ ಪ್ರಮಾಣದಲ್ಲಿ ಜಿಂಕೆ ಹೊಡೆದಾಗ ಬೈದವರು ಕಡಿಮೆಯಿಲ್ಲ. ಇವತ್ತು ಆ ಕಣಿವೆಯಲ್ಲಿ ನಡೆದು ನೋಡಿ. ಬೇಲಿಯಿಲ್ಲ, ನೆಟ್ಟವರಿಲ್ಲ, ಹೊಳೆಯಂಚಿನ ಜಲ್ಲಿಯಲ್ಲೂ ಎಳೇ ಪೈನ್ ಎದ್ದು ನಿಂತಿವೆ. ಮಾರ್ ಲಾಜ್ ಎಸ್ಟೇಟ್ 1995ರಲ್ಲಿ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಸಂಸ್ಥೆಯ ಕೈಗೆ ಬಂತು. ಅಲ್ಲಿ ಸಸಿಗಳು ಹೆದರ್ ದಾಟಲು ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಎರಡೇ ವರ್ಷದಲ್ಲಿ ಕಾಡು ಕೇಳುವವರು ಇದನ್ನು ನೆನಪಿಡಿ. ನಡುವೆ ಒಂದೆರಡು ವರ್ಷ ಕೈಬಿಟ್ಟರೂ ಅಷ್ಟೂ ಕೆಲಸ ನೀರಲ್ಲಿ ಹೋಮ.

ಗಂಡು ಹೊಡೆದರೆ ಸಂಖ್ಯೆ ಇಳಿಯದು. ಹೆಣ್ಣನ್ನೇ ಹೊಡೆಯಬೇಕು, ಜೊತೆಗಿದ್ದರೆ ಕರುವನ್ನೂ. ಕೇಳೋಕೆ ಕಷ್ಟ, ಗೊತ್ತು. ಆದರೆ ಮರವಿಲ್ಲದ ಬೋಳು ಗುಡ್ಡದಲ್ಲಿ ಮಳೆಗಾಳಿಗೆ ನೆನೆದು, ಮೇವಿಲ್ಲದೆ, ಚಳಿಗಾಲದ ಕೊನೆಗೆ ಬಿದ್ದು ಸಾಯುವುದು ಪುಣ್ಯವೇನಲ್ಲ. ಜಿಂಕೆ ಕೂಡ ಮರದ ಆಸರೆ ಬೇಕಾದ ಪ್ರಾಣಿಯೇ. ಯಾರೂ ಅದನ್ನು ಪೂರ್ತಿ ಅಳಿಸಲು ಹೊರಟಿಲ್ಲ.

ಪ್ರಶ್ನೆ: ಜಿಂಕೆಗೆ ಗರ್ಭನಿರೋಧಕ ಕೊಡಬಾರದೇ?

ಬೇಲಿಯಿಲ್ಲದ ಬೆಟ್ಟದಲ್ಲಿ ಸಾವಿರಾರು ಕಾಡುಜಿಂಕೆಗೆ ಮತ್ತೆ ಮತ್ತೆ ಔಷಧ ಕೊಡುವವರು ಯಾರು? ಆಗದ ಮಾತು.

ಪ್ರಶ್ನೆ: ಬೀಜದುಂಡೆ ಎಸೆದರೆ?

ಬೇಡ. ತಾಯಿಮರ ಬೇಕಾದಷ್ಟು ಬೀಜ ಉದುರಿಸುತ್ತದೆ. ಕೊರತೆ ಇರುವುದು ಬೀಜಕ್ಕಲ್ಲ.

ಪ್ರಶ್ನೆ: ಸಿಂಹದ ಲದ್ದಿ ಹಾಕಿದರೆ ಜಿಂಕೆ ಹತ್ತಿರ ಬರೋದಿಲ್ಲವಂತೆ?

ಮಾರುವವರ ಕಥೆ ಇದು. ಆ ಬೆಟ್ಟದ ಮಳೆಗೆ ವಾಸನೆ ಎಷ್ಟು ದಿನ ನಿಂತೀತು? ದುಡ್ಡು ಹಾಳು ಮಾಡಬೇಡಿ.

ಪ್ರಶ್ನೆ: ನಮ್ಮ ಹೆಸರಲ್ಲಿ ಮರ ನೆಟ್ಟು ಸರ್ಟಿಫಿಕೇಟ್ ಕೊಡುತ್ತಾರೆ. ದುಡ್ಡು ಕೊಡಬಹುದೇ?

ಮೊದಲು ಎರಡು ಪ್ರಶ್ನೆ ಕೇಳಿ: ಅಲ್ಲಿ ಜಿಂಕೆ ಎಷ್ಟಿವೆ, ಆಳವಾದ ಪೀಟ್ ನೆಲ (ಅರೆಕೊಳೆತ ಗಿಡಗಳು ಸೇರಿ ಆದ ಜೌಗು ಮಣ್ಣು) ಉಳುತ್ತೀರಾ? ಪೀಟ್ ಉತ್ತರೆ ಅದರಲ್ಲಿದ್ದ ಇಂಗಾಲ ಗಾಳಿಗೆ ಹೋಗುತ್ತದೆ. ನೇರ ಉತ್ತರ ಬಾರದಿದ್ದರೆ ನಾನಂತೂ ಒಂದು ಪೈಸೆ ಕೊಡೆನು. ಹೆಚ್ಚಿನ ಬೀಜ ತಾಯಿಮರದಿಂದ ನೂರು ಮೀಟರ್ ಒಳಗೇ ಬೀಳುತ್ತದೆ. ಸುತ್ತ ಮರವೇ ಉಳಿಯದ ಕಡೆ, ಆ ಪ್ರದೇಶದ್ದೇ ಬೀಜದಿಂದ ಎಬ್ಬಿಸಿದ ಸಸಿ ನೆಡುವುದು ಸರಿ.

ಪ್ರಶ್ನೆ: ಲಿಂಕ್ಸ್ ತಂದು ಬಿಟ್ಟರೆ ಆಗದೇ?

ಕಾನೂನು, ಕುರಿ ಸಾಕುವವರ ಒಪ್ಪಿಗೆ ಎರಡೂ ಆಗಬೇಕು. 2025ರ ಜನವರಿಯಲ್ಲಿ ಯಾರೋ ಕೇರ್ನ್‌ಗಾರ್ಮ್ಸ್‌ನಲ್ಲಿ ನಾಲ್ಕು ಲಿಂಕ್ಸ್ ಗುಟ್ಟಾಗಿ ಬಿಟ್ಟರು. ಎಲ್ಲವನ್ನೂ ಹಿಡಿಯಬೇಕಾಯಿತು, ಒಂದು ಸತ್ತೇಹೋಯಿತು. ಅದು ಪ್ರಾಣಿಪ್ರೀತಿಯಲ್ಲ, ಕ್ರೌರ್ಯ.

ಪ್ರಶ್ನೆ: ಊಟಿಯ ಪೈನ್ ಕಾಡಿಗೂ ಇದೇ ಕ್ರಮವೇ?

ಅದು ಜನ ನೆಟ್ಟದ್ದು. ದಕ್ಷಿಣ ಭಾರತಕ್ಕೆ ಸ್ವಂತ ಪೈನ್ ಇಲ್ಲ. ಬಂಡೀಪುರದ ಜಿಂಕೆಗೆ ಹುಲಿ, ಸೀಳುನಾಯಿ ಇವೆ, ಹೋಲಿಸಬೇಡಿ.

ಪ್ರಶ್ನೆ: ನಡೆಯಲು ಹೋಗುವ ನಾವು ಏನು ಮಾಡಬಹುದು?

ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಕಾಲುದಾರಿ ಬಿಟ್ಟು ಹೋಗಬೇಡಿ, ನಾಯಿಯನ್ನು ಹಗ್ಗದಲ್ಲೇ ಹಿಡಿದಿರಿ. ಕ್ಯಾಪರ್‌ಕೇಲಿ ನೆಲದ ಮೇಲೆ ಮೊಟ್ಟೆ ಇಡುತ್ತದೆ.