ಅಮ್ಮನನ್ನು ಕಂಡೊಡನೆ ಅಳು

ಒಂದೂವರೆ ವರ್ಷದ ಮಗಳು ದಿನವಿಡೀ ಅಜ್ಜಿಯೊಂದಿಗೆ ನಗುನಗುತ್ತಾ ಇರುತ್ತಾಳೆ, ನಾನು ಕಚೇರಿಯಿಂದ ಬಂದೊಡನೆ ರಂಪ ಮಾಡುತ್ತಾಳೆ, ಅವಳಿಗೆ ನನ್ನ ಮೇಲೆ ಪ್ರೀತಿ ಇಲ್ಲವೇ ಎಂದು ಕೇಳಿದ್ದೀರಿ. ಇದೆ, ಅದಕ್ಕೇ ಅಳುತ್ತಾಳೆ. ಕಣ್ಣಿಗೆ ಬೀಳದಿದ್ದರೂ ಅಮ್ಮ ಎಲ್ಲೋ ಇದ್ದಾಳೆ ಎಂಬುದು ಆ ವಯಸ್ಸಿಗೆ ಗೊತ್ತಿರುತ್ತದೆ. ಯಾವಾಗ ಬರುತ್ತಾಳೆ ಎಂಬುದು ಗೊತ್ತಾಗುವುದಿಲ್ಲ. ಹೇಳಿಕೊಳ್ಳಲು ಮಾತೂ ಸಾಲದು. ತಡೆದಿಟ್ಟುಕೊಂಡದ್ದೆಲ್ಲ ನಿಮ್ಮ ಮಡಿಲಲ್ಲಿ ಕಟ್ಟೆಯೊಡೆಯುತ್ತದೆ.

ನನ್ನ ಮಗನೂ ಹೀಗೆಯೇ ಇದ್ದ. ನಾನು ಚೀಲ ಕೆಳಗಿಡುವ ಮೊದಲೇ ನನ್ನ ಚಪ್ಪಲಿಯನ್ನು ಎತ್ತಿ ಎಸೆಯುತ್ತಿದ್ದ. ಆಟಿಕೆ ತೋರಿಸಿ, ಹಾಡು ಹೇಳಿ ಸುಸ್ತಾದೆ. ಕೊನೆಗೆ ಬಾಗಿಲ ಬಳಿಯೇ ನೆಲದ ಮೇಲೆ ಸುಮ್ಮನೆ ಕುಳಿತುಬಿಡುತ್ತಿದ್ದೆ, ಮೊಬೈಲ್ ಚೀಲದಲ್ಲೇ. ಸ್ವಲ್ಪ ಹೊತ್ತು ಬಿಕ್ಕಿ, ಸುರಿಯುವ ಮೂಗನ್ನು ನನ್ನ ಭುಜಕ್ಕೆ ಒರೆಸಿ (ಇಸ್ತ್ರಿ ಬಟ್ಟೆಯ ಆಸೆ ಬಿಡಿ), ನನ್ನ ಕಿವಿ ಹಿಡಿದು ಆಡತೊಡಗುತ್ತಿದ್ದ. ಒಂದು ಸಂಜೆ ಅಳು ನಿಲ್ಲಿಸಿ ಬೆವತ ಮುಷ್ಟಿ ಬಿಚ್ಚಿದ. ಒಳಗೆ ನನ್ನ ಹಳೆಯ ಅಂಗಿಯ ಗುಂಡಿ! ಬಾಯಿಗೆ ಹಾಕಿಕೊಳ್ಳದಿದ್ದುದು ನನ್ನ ಪುಣ್ಯ, ನನಗೆಂದೇ ಇಟ್ಟುಕೊಂಡಿದ್ದ.

ಬೆಳಗ್ಗೆ ಮಾತ್ರ ಕಣ್ಣು ತಪ್ಪಿಸಿ ಹೊರಡಬೇಡಿ. ಅತ್ತರೂ ಸರಿ, ಹೇಳಿಯೇ ಹೊರಡಿ.