ಬೇಸಿಗೆಯಲ್ಲಿ ಎಷ್ಟು ಕಡೆದರೂ ಬೆಣ್ಣೆ ಯಾಕೆ ಕಟ್ಟುವುದಿಲ್ಲ?

ಎರಡು ಎಮ್ಮೆ, ದಿನಕ್ಕೆ 8 ಲೀಟರ್ ಹಾಲು, ಒಂದು ಗಂಟೆ ಕಡೆದರೂ ಬೆಣ್ಣೆ ಮುದ್ದೆಯಾಗದೆ ಗಡಿಗೆಗೆ ಮೆತ್ತಿಕೊಳ್ಳುತ್ತದೆ ಅಂದಿದ್ದೀರಿ. ತಪ್ಪು ಕಡಗೋಲಿನದಲ್ಲ, ಮೊಸರಿನ ಕಾವಿನದು. ದಾವಣಗೆರೆಯ ಏಪ್ರಿಲ್‌ನಲ್ಲಿ ಒಳಮನೆಯಲ್ಲಿಟ್ಟ ಮೊಸರೂ 30 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಆಗ ಕೊಬ್ಬು ಬಹುಪಾಲು ಎಣ್ಣೆಯಾಗಿರುತ್ತದೆ. ಒಂದಿಷ್ಟು ಗಟ್ಟಿ, ಒಂದಿಷ್ಟು ಮೆತ್ತಗೆ ಇದ್ದರೆ ಮಾತ್ರ ಕಣಗಳು ಒಂದಕ್ಕೊಂದು ಅಂಟಿ ಬೆಣ್ಣೆ ಕಟ್ಟುತ್ತದೆ. 18ರಿಂದ 20 ಡಿಗ್ರಿ ಹದ.

ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಲೀಟರಿಗೆ ಅರ್ಧ ಚಮಚ ಹೆಪ್ಪು ಹಾಕಿ. ಚಳಿಗಾಲದ ಅಳತೆ ಈಗ ಬೇಡ, ಬೆಳಗಾಗುವಷ್ಟರಲ್ಲಿ ಹುಳಿ ಹತ್ತುತ್ತದೆ. ಮೊಸರು ಕಟ್ಟಿದ ಮೇಲೆ ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ಕಡೆ ಇಡಿ. ಫ್ರಿಜ್ ಇದ್ದರೆ ಕಡೆಯುವ ಮೊದಲು ಒಂದು ಗಂಟೆ ಅದರಲ್ಲೇ ಇಡಿ, ಅದರಿಂದ ಹಳ್ಳಿ ಬೆಣ್ಣೆಯ ರುಚಿಯೇನೂ ಕೆಡುವುದಿಲ್ಲ.

ಕಡೆಯುವುದು ಹೊತ್ತು ಮೂಡುವ ಮೊದಲೇ ಆಗಲಿ. ಗಡಿಗೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ನೊರೆಗೆ ಜಾಗ ಬೇಕು. ಮೊಸರು ಒಡೆದ ಮೇಲೆ ನಾಲ್ಕು ಪಾಲಿಗೆ ಒಂದು ಪಾಲು ತಣ್ಣೀರು ಸ್ವಲ್ಪ ಸ್ವಲ್ಪವಾಗಿ ಹಾಕಿ. ತಣ್ಣಗೆ ಅತಿಯಾದರೂ ಕಷ್ಟ: ನೊರೆ ಏರುತ್ತಲೇ ಇರುತ್ತದೆ, ಬೆಣ್ಣೆ ಬರುವುದಿಲ್ಲ. ಹಾಗಾದರೆ ಒಂದು ಲೋಟ ಉಗುರುಬೆಚ್ಚಗಿನ ನೀರು ಬಿಟ್ಟು ನೋಡಿ.

ನೊರೆ ಕುಸಿದು, ಸದ್ದು ಬದಲಾಗಿ, ಕಡಗೋಲಿಗೆ ನವಣೆ ಗಾತ್ರದ ಕಾಳು ಅಂಟಿದರೆ ಜೋರು ನಿಲ್ಲಿಸಿ. ಬಹಳ ಜನ ಎಡವುವುದು ಇಲ್ಲೇ. ಮುದ್ದೆಯಾಗಲಿ ಅಂತ ಇನ್ನೂ ಜೋರಾಗಿ ಕಡೆದರೆ ಮಜ್ಜಿಗೆ ಬೆಣ್ಣೆಯೊಳಗೇ ಸಿಕ್ಕಿಕೊಳ್ಳುತ್ತದೆ, ಮರುದಿನವೇ ವಾಸನೆ. ಒಂದು ಚೊಂಬು ತಣ್ಣೀರು ಹಾಕಿ ನಿಧಾನ ತಿರುಗಿಸಿದರೆ ಕಾಳು ತಾನಾಗಿ ಕೂಡುತ್ತದೆ. ಕೈ ತಣ್ಣೀರಲ್ಲಿ ಅದ್ದಿಕೊಂಡು ತೆಗೆಯಿರಿ; ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆಯಿರಿ. ಬೆಣ್ಣೆದೋಸೆ ಹೋಟೆಲಿಗೆ ಕೊಡುವುದಾದರೆ ಉಪ್ಪು ಹಾಕಬೇಡಿ.

ಮೇವಿನದೂ ಪಾತ್ರವಿದೆ. ಹತ್ತಿಕಾಳು ತಿಂದ ಎಮ್ಮೆಯ ಬೆಣ್ಣೆ ಗಟ್ಟಿ, ಬರೀ ಹಸಿ ಮೇವಿನದು ಮೆತ್ತಗೆ. ನಿಮ್ಮ 8 ಲೀಟರಿಗೆ ಅರ್ಧ ಕೆಜಿಗೆ ಕಡಿಮೆ ಬರಬಾರದು. ಕಡಿಮೆಯಾದರೆ ಮಜ್ಜಿಗೆಯನ್ನು ಚೆಲ್ಲದೆ ತಣ್ಣಗಿಡಿ. ಮೇಲೆ ಜಿಡ್ಡು ಕಟ್ಟಿದರೆ ಇನ್ನೊಮ್ಮೆ ಕಡೆಯಿರಿ, ಉಳಿದದ್ದರಲ್ಲಿ ಒಂದಷ್ಟು ಸಿಗುತ್ತದೆ.